ತಂಗಿ ತಂದ ಮೂರು ಡಬ್ಬಿ

ಓದುಗರ ಪ್ರಶ್ನೆಗಳಿಗೆ ಉತ್ತರಿಸುವವರು: ಬಳ್ಳಾರಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ 37 ವರ್ಷ ಔಷಧಿ ಕೊಟ್ಟು ನಿವೃತ್ತರಾದ ಫಾರ್ಮಸಿಸ್ಟ್ ಅಕ್ಕ

ಪ್ರಶ್ನೆ: ಅಕ್ಕಾ, ನನಗೆ 47 ವರ್ಷ. ಪ್ರೈಮರಿ ಶಾಲೆ ಟೀಚರ್. ಒಂದು ವರ್ಷದಿಂದ ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಯಾವುದರಲ್ಲೂ ಮನಸ್ಸಿಲ್ಲ, ಸುಮ್ನೆ ಅಳು ಬರುತ್ತದೆ. ಎರಡು ತಿಂಗಳಿಂದ ಡಾಕ್ಟರು ಖಿನ್ನತೆಗೆ ಎಸಿಟಲೋಪ್ರಾಮ್ 10 ಮಿಲಿಗ್ರಾಂ ಕೊಟ್ಟಿದ್ದಾರೆ, ಸ್ವಲ್ಪ ವಾಸಿ. ಶುಗರ್‌ಗೆ ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ನಮ್ಮ ಅತ್ತೆ "ತಲೆ ಕೆಟ್ಟವರ ಗುಳಿಗೆ ಎಷ್ಟು ದಿನ ತಿಂತೀಯವ್ವಾ" ಅನ್ನುತ್ತಾರೆ. ಅಮೆರಿಕದಲ್ಲಿರುವ ತಂಗಿ ಊರಿಗೆ ಬಂದಾಗ ಮೂರು ಡಬ್ಬಿ ಕೊಟ್ಟು ಹೋದಳು. ಒಂದು ಮೆಲಟೋನಿನ್ 10 ಮಿಲಿಗ್ರಾಂ ಗಮ್ಮಿ, ಒಂದು ಅಶ್ವಗಂಧ, ಒಂದು ಮೂಡ್ ಕ್ಯಾಪ್ಸೂಲ್. ಕೊನೆಯದರ ಮೇಲೆ 5-ಎಚ್‌ಟಿಪಿ, ಸೇಂಟ್ ಜಾನ್ಸ್ ವರ್ಟ್ ಎಂದು ಬರೆದಿದೆ. "ಎಲ್ಲಾ ಗಿಡಮೂಲಿಕೆ, ಏನೂ ಆಗಲ್ಲ" ಅಂತಾಳೆ. ಇನ್ನೂ ತೆರೆದಿಲ್ಲ. ಡಾಕ್ಟರ ಗುಳಿಗೆ ಬಿಟ್ಟು ಇವನ್ನು ಶುರು ಮಾಡಲಾ?
— ಹೆಸರು ಬೇಡ, ಬಳ್ಳಾರಿ

ಉತ್ತರ: ತೆರೆಯುವ ಮೊದಲೇ ಕೇಳಿದಿರಿ. ನಿಮ್ಮ ಪತ್ರ ಓದಿ ಆ ಒಂದು ಮಾತಿಗೆ ನನಗೆ ತುಂಬಾ ಸಮಾಧಾನವಾಯಿತು. ಮೂರನೆಯ ಡಬ್ಬಿಯಿಂದ ಶುರು ಮಾಡುತ್ತೇನೆ. ಆ ಮೂಡ್ ಕ್ಯಾಪ್ಸೂಲನ್ನು ಎಸಿಟಲೋಪ್ರಾಮ್ ಜೊತೆ ನುಂಗಬೇಡಿ. ಒಂದೇ ಒಂದನ್ನೂ ಬೇಡ.

ಕಾರಣ ಹೇಳುತ್ತೇನೆ. ನಮ್ಮ ಮೆದುಳಿನಲ್ಲಿ ಸೆರೊಟೋನಿನ್ ಎಂಬ ವಸ್ತು ಇದೆ. ನಿಮ್ಮ ಗುಳಿಗೆ ಅದು ಬೇಗ ಖಾಲಿಯಾಗದಂತೆ ತಡೆದು ನಿಲ್ಲಿಸುತ್ತದೆ. 5-ಎಚ್‌ಟಿಪಿ ಆಫ್ರಿಕದ ಒಂದು ಗಿಡದ ಬೀಜದಿಂದ ತೆಗೆಯುವ ವಸ್ತು, ಅದು ದೇಹದಲ್ಲಿ ಸೀದಾ ಸೆರೊಟೋನಿನ್ ಆಗಿ ಬದಲಾಗುತ್ತದೆ. ಸೇಂಟ್ ಜಾನ್ಸ್ ವರ್ಟ್ ಯುರೋಪಿನ ಹಳದಿ ಹೂವಿನ ಗಿಡ, ಅದೂ ಹೆಚ್ಚು ಕಡಿಮೆ ನಿಮ್ಮ ಗುಳಿಗೆಯ ಕೆಲಸವನ್ನೇ ಮಾಡುತ್ತದೆ. ಮೂರೂ ಸೇರಿದರೆ ಕಾಲುವೆಯ ತೂಬು ಮುಚ್ಚಿ ಮೇಲಿಂದ ನೀರು ಬಿಟ್ಟ ಹಾಗೆ. ಮೈ ಬೆವರುತ್ತದೆ, ಕೈಕಾಲು ನಡುಗುತ್ತವೆ, ಎದೆ ಹೊಡೆದುಕೊಳ್ಳುತ್ತದೆ, ಭೇದಿಯಾಗುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಜೋರಾದರೆ ಜ್ವರ ಏರಿ, ಮೈ ಸೆಟೆದು, ಮಾತು ತಪ್ಪುತ್ತದೆ. ಆಗ ಆಸ್ಪತ್ರೆಗೆ ಓಡಬೇಕು, ಕಾಯುವ ಹಾಗಿಲ್ಲ.

ಹಾಗಾದರೆ ಡಾಕ್ಟರ ಗುಳಿಗೆ ಬಿಟ್ಟು ಇದನ್ನೊಂದೇ ತೆಗೆದುಕೊಂಡರೆ? ಅದೂ ಬೇಡ. ಎಸಿಟಲೋಪ್ರಾಮ್ ಥಟ್ಟನೆ ನಿಲ್ಲಿಸಿದರೆ ತಲೆ ತಿರುಗುತ್ತದೆ, ಸಿಟ್ಟು ಬರುತ್ತದೆ, ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತದೆ. ಬಿಡಬೇಕಾದ ಕಾಲ ಬಂದಾಗ ಡಾಕ್ಟರೇ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಬಿಟ್ಟ ಮೇಲೂ ಆ ಔಷಧಿ ಕೆಲವು ದಿನ ಮೈಯಲ್ಲಿ ಉಳಿದಿರುತ್ತದೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಸೇಂಟ್ ಜಾನ್ಸ್ ವರ್ಟ್ ಬರೀ ನಂಬಿಕೆಯ ವಸ್ತು ಅಲ್ಲ. 2008ರಲ್ಲಿ 29 ಅಧ್ಯಯನಗಳನ್ನು, ಐದು ಸಾವಿರಕ್ಕೂ ಜಾಸ್ತಿ ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಸಾಧಾರಣ ಮಟ್ಟದ ಖಿನ್ನತೆಗೆ ಅದು ಔಷಧಿಯೇ ಇಲ್ಲದ ಸುಳ್ಳು ಗುಳಿಗೆಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ನನಗೆ ಭಯ ಅದಕ್ಕೇ. ಕೆಲಸ ಮಾಡುವ ವಸ್ತು ಬೇರೆ ಔಷಧಿಗಳ ಮೇಲೂ ಕೈ ಹಾಕುತ್ತದೆ. ಇದು ಲಿವರ್ ಅನ್ನು ಚುರುಕುಗೊಳಿಸಿ ಬೇರೆ ಮಾತ್ರೆಗಳು ಬೇಗ ಕರಗಿಹೋಗುವಂತೆ ಮಾಡುತ್ತದೆ. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಎಚ್‌ಐವಿ ಔಷಧಿ, ಕಿಡ್ನಿ ಕಸಿ ಮಾಡಿಸಿಕೊಂಡವರ ಔಷಧಿ, ಇವೆಲ್ಲ ಶಕ್ತಿ ಕಳೆದುಕೊಳ್ಳುತ್ತವೆ. ಡಬ್ಬಿಯ ಮೇಲೆ ಎಲೆಯ ಚಿತ್ರ ಇದ್ದ ಮಾತ್ರಕ್ಕೆ ಅದು ಪುದೀನ ಚಟ್ನಿ ಆಗುವುದಿಲ್ಲ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಆ ಮಾತನ್ನು ನಾನು ಔಷಧಿ ಕಿಟಕಿಯಲ್ಲಿ ಸಾವಿರ ಸಲ ಕೇಳಿದ್ದೇನೆ. ಆದರೆ ಬಳ್ಳಾರಿಯವರಾದ ನಾವು ಅದನ್ನು ಆಡಬಾರದು. ನಾನು 1984ರಲ್ಲಿ ಸಿರುಗುಪ್ಪ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಮರುವರ್ಷ ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆಯಲ್ಲಿ ಒಂದು ಕೆಲಸ ಶುರು ಮಾಡಿದರು. ಮನಸ್ಸಿನ ಕಾಯಿಲೆಗೆ ಜನ ಬೆಂಗಳೂರಿನ ತನಕ ಹೋಗಬೇಕಾಗಿಲ್ಲ, ಹಳ್ಳಿಯ ಡಾಕ್ಟರೇ ಗುರುತಿಸಿ ಔಷಧಿ ಕೊಡಬಹುದು ಎಂದು ಮಾಡಿ ತೋರಿಸಲು. ಡಾಕ್ಟರುಗಳಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಜ್ವರದ ಮಾತ್ರೆ, ಕಬ್ಬಿಣದ ಮಾತ್ರೆ ಇಡುತ್ತಿದ್ದ ಅದೇ ಮರದ ಕಪಾಟಿನಲ್ಲಿ ಖಿನ್ನತೆಯ ಮಾತ್ರೆಯನ್ನೂ ಇಟ್ಟೆ. ಒಬ್ಬ ತಾಯಿ, ಹೆರಿಗೆಯಾದ ಮೇಲೆ ಮಾತು ಬಿಟ್ಟಿದ್ದವಳು, ಎರಡು ತಿಂಗಳ ಔಷಧಿ ಆದಮೇಲೆ ಕಿಟಕಿಗೆ ಬಂದು "ಅಕ್ಕಾರೆ, ಈ ತಿಂಗಳದು ಕೊಡ್ರಿ" ಎಂದು ತಾನೇ ಕೇಳಿದಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಮಾದರಿಯಾಗಿದ್ದು ಬಳ್ಳಾರಿಯ ಈ ಕೆಲಸವೇ. ಇಂದಿಗೂ ಅದನ್ನು ಬಳ್ಳಾರಿ ಮಾದರಿ ಎಂದೇ ಕರೆಯುತ್ತಾರೆ. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಶುಗರ್ ಗುಳಿಗೆ ಹೇಗೋ ಇದೂ ಹಾಗೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಮೆಟ್‌ಫಾರ್ಮಿನ್ ಎಂಬ ಪದದ ಮೇಲೆ. ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ-12 ಕಡಿಮೆಯಾಗುವುದು ಗೊತ್ತಿರುವ ವಿಷಯ. ಮಾಂಸ, ಮೊಟ್ಟೆ ತಿನ್ನದವರಾದರೆ ಇನ್ನೂ ಬೇಗ. ಬಿ-12 ಇಳಿದರೆ ಸುಸ್ತು, ಮಂಕು, ಮರೆವು, ಅಂಗಾಲಿನಲ್ಲಿ ಜುಮುಜುಮು. ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಅದರ ಜೊತೆಗೇ ಥೈರಾಯ್ಡ್ ನೋಡುವ ಟಿಎಸ್‌ಎಚ್, ಹಿಮೋಗ್ಲೋಬಿನ್, ಮೈಯಲ್ಲಿ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಕೂಡ. ಕಬ್ಬಿಣದ ಅಂಶ ಕಡಿಮೆ ಇದ್ದವರಿಗೆ ರಾತ್ರಿ ಮಲಗಿದ ಕೂಡಲೇ ಕಾಲು ಹರಿದಾಡಿದಂತಾಗಿ, ಅಲ್ಲಾಡಿಸದೆ ಇರಲಾಗುವುದಿಲ್ಲ. ಅಂಥವರಿಗೆ ನಿದ್ದೆಯ ಗಮ್ಮಿ ಏನು ಮಾಡೀತು? ಕಬ್ಬಿಣ ತುಂಬಿಕೊಟ್ಟರೆ ಕಾಲು ಸುಮ್ಮನಾಗುತ್ತದೆ, ನಿದ್ದೆ ತಾನಾಗಿ ಬರುತ್ತದೆ. ನಿಮ್ಮ ವಯಸ್ಸು 47. ಮುಟ್ಟು ಏರುಪೇರಾಗಿದೆಯಾ? ಎಚ್ಚರವಾದಾಗ ಕುತ್ತಿಗೆ, ಎದೆ ಬೆವತಿರುತ್ತದಾ? ನಮ್ಮೂರ ಸೆಖೆ ಎಂದು ಸುಮ್ಮನಿರಬೇಡಿ, ಮುಟ್ಟು ನಿಲ್ಲುವ ಕಾಲದ ತೊಂದರೆ ಇರಬಹುದು, ಅದನ್ನೂ ಡಾಕ್ಟರಿಗೆ ಹೇಳಿ. ಅದಕ್ಕೆ ಬೇರೆ ದಾರಿ ಇದೆ. ಎರಡು ತಿಂಗಳಲ್ಲಿ "ಸ್ವಲ್ಪ ವಾಸಿ" ಅಂದಿದ್ದೀರಿ. ಪ್ರಮಾಣ ಹೆಚ್ಚಿಸಬೇಕೋ, ಗುಳಿಗೆ ಬದಲಿಸಬೇಕೋ ಎಂದು ಕೇಳಲು ಇದೇ ಸರಿಯಾದ ಸಮಯ.

ಮೆಲಟೋನಿನ್ ವಿಷಯಕ್ಕೆ ಬರುತ್ತೇನೆ. ಅದು ನಮ್ಮ ಮೆದುಳಿನ ಪಿನಿಯಲ್ ಗ್ರಂಥಿಯೇ ಕತ್ತಲಾದ ಮೇಲೆ ಬಿಡುವ ಹಾರ್ಮೋನು. "ಕತ್ತಲಾಯಿತು" ಎಂದು ದೇಹಕ್ಕೆ ಸುದ್ದಿ ಮುಟ್ಟಿಸುವುದು ಅದರ ಕೆಲಸ, ಹಿಡಿದು ಮಲಗಿಸುವುದಲ್ಲ. 2013ರಲ್ಲಿ 19 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಅದನ್ನು ತೆಗೆದುಕೊಂಡವರು ಸರಾಸರಿ 7 ನಿಮಿಷ ಬೇಗ ನಿದ್ದೆ ಹೋದರು, 8 ನಿಮಿಷ ಜಾಸ್ತಿ ಮಲಗಿದರು. ಅಷ್ಟೇ. ನಿಮ್ಮದು ನಡುರಾತ್ರಿ ಎಚ್ಚರವಾಗುವ ತೊಂದರೆ, ಅಲ್ಲಿ ಇದರ ಉಪಯೋಗ ಇನ್ನೂ ಕಡಿಮೆ. 10 ಮಿಲಿಗ್ರಾಂ ಅಂತೂ ಬೇಕಾಗಿಯೇ ಇಲ್ಲ, ಬೇಕಾದವರಿಗೂ ಅರ್ಧದಿಂದ ಮೂರು ಮಿಲಿಗ್ರಾಂ ಸಾಕಾಗುತ್ತದೆ. ಇನ್ನೊಂದು ಭಯ ಇದೆ. ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಡಬ್ಬಿಗಳನ್ನು ಪರೀಕ್ಷೆ ಮಾಡಿ 2017ರಲ್ಲಿ ವರದಿ ಕೊಟ್ಟರು. ಒಂದರಲ್ಲಿ ಬರೆದಿದ್ದಕ್ಕಿಂತ ಶೇ. 83ರಷ್ಟು ಕಡಿಮೆ ಇತ್ತು, ಇನ್ನೊಂದರಲ್ಲಿ ಶೇ. 478ರಷ್ಟು ಜಾಸ್ತಿ. 8 ಡಬ್ಬಿಗಳಲ್ಲಿ ಸೆರೊಟೋನಿನ್ ಸಿಕ್ಕಿತು, ಚೀಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಎಸಿಟಲೋಪ್ರಾಮ್ ನುಂಗುವ ನಿಮಗೆ ಇದು ಸಣ್ಣ ವಿಷಯ ಅಲ್ಲ.

ಉಳಿದದ್ದು ಅಶ್ವಗಂಧ. ನಮ್ಮ ಹಿರೇಮದ್ದು. ಇದರ ಬಗ್ಗೆ ನನ್ನದೇ ಅನುಭವ ಹೇಳಬೇಕು.

2021ರಲ್ಲಿ ನಿವೃತ್ತಳಾದೆ. ಮರುವರ್ಷ ನನಗೂ ನಿದ್ದೆ ಕೈಕೊಟ್ಟಿತು. ಬೆಳಗ್ಗೆ ಒಂಬತ್ತಕ್ಕೆ ಕಿಟಕಿ ತೆಗೆಯುವ ಜೀವ, ಈಗ ಮನೆಯಲ್ಲಿ ಹನ್ನೊಂದು ಗಂಟೆಗೇ ಕೆಲಸ ಮುಗಿದಿರುತ್ತಿತ್ತು. ಅಶ್ವಗಂಧ ಪುಡಿ ತಂದು ದಿನಾ ರಾತ್ರಿ ಹಾಲಿಗೆ ಒಂದು ಚಮಚ ಹಾಕಿಕೊಂಡು ಕುಡಿದೆ. ನಿಜ ಹೇಳುತ್ತೇನೆ, ಎರಡು ವಾರ ಚೆನ್ನಾಗಿ ನಿದ್ದೆ ಬಂತು. ಅದರ ಸಸ್ಯಶಾಸ್ತ್ರದ ಹೆಸರಿನಲ್ಲೇ ಸೋಮ್ನಿಫೆರಾ ಎಂದಿದೆ, ನಿದ್ದೆ ತರುವುದು ಎಂಬ ಅರ್ಥ. ನಿದ್ದೆಗೆ ಸ್ವಲ್ಪ ಸಹಾಯ ಆಗುತ್ತದೆ ಎಂದು ಸಣ್ಣ ಸಣ್ಣ ಅಧ್ಯಯನಗಳೂ ಹೇಳುತ್ತವೆ. ಆರನೆಯ ವಾರಕ್ಕೆ ಮಾಳಿಗೆಯ ಮೆಟ್ಟಿಲು ಹತ್ತಿದರೆ ಎದೆ ಡವಡವ. ಚಹಾದ ಲೋಟ ಕೈಯಲ್ಲಿ ನಡುಗುತ್ತಿತ್ತು. ತೂಕ ಮೂರು ಕೆಜಿ ಇಳಿಯಿತು. ಹೃದಯದ ಕಾಯಿಲೆಯೇ ಎಂದುಕೊಂಡೆ. ಇಸಿಜಿ ಮಾಡಿಸಿದರು. ಡಾಕ್ಟರಮ್ಮ ಕೇಳಿದರು, "ಥೈರಾಯ್ಡ್ ಮಾತ್ರೆ ಬಿಟ್ಟು ಬೇರೆ ಏನಾದರೂ ತಗೋತಿದ್ದೀರಾ?" ನಾನು "ಬೇರೇನೂ ಇಲ್ಲ" ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹಾಲಿಗೆ ಹಾಕಿಕೊಳ್ಳುವ ಪುಡಿ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ರಕ್ತದ ವರದಿ ಬಂತು, ಟಿಎಸ್‌ಎಚ್ ತಳ ಕಂಡಿತ್ತು. ಥೈರಾಯ್ಡ್ ಹಾರ್ಮೋನು ವಿಪರೀತ ಏರಿತ್ತು. ಆಮೇಲೆ ನೆನಪಾಯಿತು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ನಾನು ಹನ್ನೆರಡು ವರ್ಷದಿಂದ ಅದೇ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ ನುಂಗುವವಳು. ಪುಡಿ ನಿಲ್ಲಿಸಿ ಎರಡು ತಿಂಗಳಿಗೆ ಎಲ್ಲ ಸರಿಹೋಯಿತು.

"ಬೇರೇನೂ ಇಲ್ಲ" ಎಂಬ ಆ ಎರಡು ಪದ ಇಂದಿಗೂ ನನ್ನನ್ನು ಚುಚ್ಚುತ್ತವೆ. ಅದಕ್ಕೇ ಕೈಮುಗಿದು ಕೇಳುತ್ತೇನೆ, ಡಾಕ್ಟರ ಹತ್ತಿರ ಹೋಗುವಾಗ ಮೂರೂ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಇಡಿ. ಅಶ್ವಗಂಧ ನಿಮ್ಮ ಸಕ್ಕರೆಯನ್ನೂ ಇಳಿಸಬಹುದು, ಮೆಟ್‌ಫಾರ್ಮಿನ್ ಜೊತೆ ಅದು ಲೆಕ್ಕಕ್ಕೆ ಬರುತ್ತದೆ. ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದೂ ವರದಿಯಾಗಿದೆ. ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳು ಏರುಪೇರಾಗುವ ಭಯಕ್ಕೆ 2023ರಲ್ಲಿ ಡೆನ್ಮಾರ್ಕ್ ದೇಶ ಅದನ್ನು ನಿಷೇಧಿಸಿತು. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು.

ಹಾಗಾದರೆ ರಾತ್ರಿ ಎರಡು ಗಂಟೆಗೆ ಏನು ಮಾಡುವುದು? ಬಹುಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಗುಳಿಗೆ ಅಲ್ಲ, ಮಲಗುವ ರೂಢಿ ಮತ್ತು ಯೋಚನೆಯನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘ 2016ರಲ್ಲೇ ಸಲಹೆ ಕೊಟ್ಟಿತು. ಅದರ ತಿರುಳನ್ನು ನಮ್ಮ ಮನೆಗೆ ಹೊಂದಿಸಿ ಹೇಳುತ್ತೇನೆ. ಎಚ್ಚರವಾಗಿ ಇಪ್ಪತ್ತು ನಿಮಿಷವಾಯಿತು ಅನ್ನಿಸಿದರೆ ಹಾಸಿಗೆ ಬಿಟ್ಟು ಏಳಿ. ಗಡಿಯಾರ ನೋಡಬೇಡಿ. ದೊಡ್ಡ ಲೈಟು ಹಾಕಬೇಡಿ, ಫೋನ್ ಮುಟ್ಟಬೇಡಿ. ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸಿ, ನಾಳೆಯ ಹುಣಸೆಹಣ್ಣಿನ ಬೀಜ ತೆಗೆಯಿರಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗಿ. ಹಾಸಿಗೆ ಕಂಡರೆ ನಿದ್ದೆ ನೆನಪಾಗಬೇಕು, ಹೊರಳಾಟ ಅಲ್ಲ. ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ, ಭಾನುವಾರವೂ. ರಾತ್ರಿ ನಿದ್ದೆ ಕೆಟ್ಟಿತೆಂದು ಮಧ್ಯಾಹ್ನ ಎರಡು ಗಂಟೆ ಮಲಗಿದರೆ ಅದು ಆ ರಾತ್ರಿಯ ನಿದ್ದೆಯನ್ನೇ ಕದಿಯುತ್ತದೆ. ಬಳ್ಳಾರಿಯ ಬಿಸಿಲಲ್ಲಿ ಮಧ್ಯಾಹ್ನ ಒರಗದೆ ಇರುವುದು ಕಷ್ಟ, ನನಗೂ ಗೊತ್ತು. ಇಪ್ಪತ್ತೈದು ನಿಮಿಷಕ್ಕೆ ಅಲಾರಾಂ ಇಟ್ಟು ಒರಗಿ. ಮಧ್ಯಾಹ್ನ ಮೂರರ ನಂತರ ಚಹಾ ಬೇಡ. ಮೊದಲ ಹತ್ತು ದಿನ ಇದು ಹಿಂಸೆ ಅನ್ನಿಸುತ್ತದೆ. ಬಿಡಬೇಡಿ. ನನಗೆ ಮೂರನೆಯ ವಾರದಲ್ಲಿ ನಿದ್ದೆ ಕೂಡಿಬಂತು.

ಒಂದು ನಂಬರ್ ಬರೆದಿಟ್ಟುಕೊಳ್ಳಿ: 14416. ಟೆಲಿ-ಮಾನಸ್, ಸರ್ಕಾರದ್ದು, ಉಚಿತ, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಸುಳಿದರೂ ಫೋನ್ ಮಾಡಿ, ಮನೆಯವರೊಬ್ಬರಿಗೆ ಹೇಳಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಕೆಲಸ. ವಾರವಾರ ಶಿಫ್ಟ್ ಬದಲು. ಸಿ ಶಿಫ್ಟ್ ಮುಗಿಸಿ ಬೆಳಗ್ಗೆ ಏಳಕ್ಕೆ ಮನೆಗೆ ಬಂದರೆ ನಿದ್ದೆ ಬರಲ್ಲ. ಜೊತೆಯವರು ಮೆಲಟೋನಿನ್ ತಗೋತಾರೆ. ನಾನೂ ತಗೋಬಹುದಾ ಅಕ್ಕಾ?
— 29 ವರ್ಷ, ಸಂಡೂರು ತಾಲೂಕು

ಉತ್ತರ: ತಮ್ಮಾ, ಮೇಲಿನ ಟೀಚರಮ್ಮನಿಗೆ ಬೇಡ ಅಂದದ್ದು ನಿನಗೆ ಸ್ವಲ್ಪ ಉಪಯೋಗ ಆದೀತು. ನಿನ್ನ ತೊಂದರೆ ಗಡಿಯಾರದ್ದು, ಮೆಲಟೋನಿನ್ ಕೆಲಸವೂ ಗಡಿಯಾರದ್ದು. ರಾತ್ರಿ ಪಾಳಿ ಮಾಡುವವರ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಹಗಲು ನಿದ್ದೆ ಸರಾಸರಿ 24 ನಿಮಿಷ ಉದ್ದವಾಗಿತ್ತು. ಬೇರೆ ಔಷಧಿ ಏನೂ ಇಲ್ಲದಿದ್ದರೆ, ಡಾಕ್ಟರನ್ನು ಒಂದು ಮಾತು ಕೇಳಿ 1 ಅಥವಾ 2 ಮಿಲಿಗ್ರಾಂನಿಂದ ನೋಡಬಹುದು. ಆದರೆ ಮನೆ ಸೇರಿ, ಸ್ನಾನ ತಿಂಡಿ ಆದಮೇಲೆ ಮಾತ್ರ. ನುಂಗಿ ಬೈಕ್ ಹತ್ತಬೇಡ.

ಅದಕ್ಕಿಂತ ದೊಡ್ಡ ಔಷಧಿ ಕತ್ತಲು. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ದೇಹ ತನ್ನ ಮೆಲಟೋನಿನ್ ನಿಲ್ಲಿಸಿಬಿಡುತ್ತದೆ. ಬಸ್ಸಿನಲ್ಲಿ ಬರುವವನಾದರೆ ಕಪ್ಪು ಕನ್ನಡಕ ಹಾಕಿಕೋ. ಬೈಕ್ ಓಡಿಸುವವನಾದರೆ ಬೇಡ, ದಾರಿಯಲ್ಲೇ ತೂಕಡಿಕೆ ಬಂದೀತು. ಕಿಟಕಿಗೆ ದಪ್ಪ ಕಂಬಳಿ ಕಟ್ಟು, ಕೂಲರ್ ಹಾಕು. ಪಾಳಿ ಮುಗಿಯುವ ಹೊತ್ತಿನ ಆ ಕೊನೆಯ ಚಹಾ ಬಿಡು. ನಾಲ್ಕು ಗಂಟೆಗೆ ಕುಡಿದ ಚಹಾದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಮನೆಯವರಿಗೂ ಒಂದು ಮಾತು: ಹಗಲು ಮಲಗಿದವನನ್ನು ಸೋಮಾರಿ ಅನ್ನಬೇಡಿ, ಗ್ಯಾಸ್ ಸಿಲಿಂಡರ್ ಬಂತೆಂದು ಎಬ್ಬಿಸಬೇಡಿ.

ಪ್ರಶ್ನೆ: ಮನಸ್ಸಿಗೆ ಬೇಜಾರು ಇದ್ದರೆ ವಿಟಮಿನ್ ಡಿ ಕಡಿಮೆ ಅಂತ ಯಾರೋ ಹೇಳಿದರು. ಮೆಡಿಕಲ್‌ನಲ್ಲಿ ಸಿಗುವ 60,000 ಯೂನಿಟ್ ಪುಡಿ ಪ್ಯಾಕೆಟ್ ದಿನಾ ಒಂದು ಹಾಲಿಗೆ ಹಾಕಿ ಕುಡಿಯುತ್ತಿದ್ದೇನೆ. ಸರಿ ತಾನೇ?
— ಓದುಗರು, ಕಂಪ್ಲಿ

ಉತ್ತರ: ಇಂದೇ ನಿಲ್ಲಿಸಿ. ಅದು ಸಾಮಾನ್ಯವಾಗಿ ವಾರಕ್ಕೆ ಒಂದು, ಅದೂ ಕೆಲವು ವಾರ ಮಾತ್ರ, ಡಾಕ್ಟರು ಹೇಳಿದರೆ. ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ಮಲಬದ್ಧತೆ ಶುರುವಾಗಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಎಷ್ಟು ಪ್ಯಾಕೆಟ್ ಆಯಿತು ಎಂದು ಲೆಕ್ಕ ಹಾಕಿ ಡಾಕ್ಟರಿಗೆ ತಿಳಿಸಿ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಬೇಜಾರಿಗೂ ಇದರಿಂದ ಲಾಭ ಕಾಣುವುದಿಲ್ಲ. ಅಮೆರಿಕದಲ್ಲಿ 18,000ಕ್ಕೂ ಜಾಸ್ತಿ ಜನರಿಗೆ ಸುಮಾರು ಐದು ವರ್ಷ ದಿನಕ್ಕೆ 2,000 ಯೂನಿಟ್ ಕೊಟ್ಟು ನೋಡಿದರು, ಖಿನ್ನತೆ ತಡೆಯಲಿಲ್ಲ. ನಿಮ್ಮ ಬೇಜಾರು ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಡಾಕ್ಟರ ಮುಂದೆ ಹೇಳಿ.

ಪ್ರಶ್ನೆ: ಅಪ್ಪನಿಗೆ 72. ಬಿಪಿ ಇದೆ. ನಿದ್ದೆ ಬರಲಿ ಅಂತ ಅಂಗಡಿಯಿಂದ ಶೀತದ ಗುಳಿಗೆ ತಂದು ದಿನಾ ರಾತ್ರಿ ನುಂಗುತ್ತಾರೆ. "ಇದಕ್ಕೆ ಚೀಟಿ ಬೇಡ, ಹಾಗಾದರೆ ಅಪಾಯ ಇಲ್ಲ" ಅನ್ನುತ್ತಾರೆ. ಇತ್ತೀಚೆಗೆ ರಾತ್ರಿ ಎದ್ದಾಗ ತಡವರಿಸುತ್ತಾರೆ.
— ಓದುಗರು, ಸಿರುಗುಪ್ಪ

ಉತ್ತರ: ಶೀತದ ಗುಳಿಗೆಯಲ್ಲಿ ಮಂಪರು ತರುವ ಅಂಶ ಇದೆ, ಅಪ್ಪ ಅದನ್ನೇ ನಿದ್ದೆ ಎಂದುಕೊಂಡಿದ್ದಾರೆ. ಕೆಲವೇ ದಿನಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ವಯಸ್ಸಾದವರಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ಗೊಂದಲ ಉಳಿದೇ ಇರುತ್ತವೆ. ಪ್ರಾಸ್ಟೇಟ್ ಊದಿದ ಗಂಡಸರಿಗೆ ಮೂತ್ರ ಕಟ್ಟಿಬಿಡಬಹುದು. ಆ ತಡವರಿಕೆ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದೆ. ಈ ವಯಸ್ಸಿನಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದರೆ ಚೇತರಿಸಿಕೊಳ್ಳುವುದು ಬಹಳ ಕಷ್ಟ. ಗುಳಿಗೆ ನಿಲ್ಲಿಸಿ, ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಇಡಿ. ಬದಲಿಗೆ ನಿದ್ದೆ ಬರಿಸುವ ಆಲ್ಪ್ರಜೋಲಾಮ್ ಗುಳಿಗೆ ಕೊಡಿ ಎಂದು ಅಂಗಡಿಯವರನ್ನು ಒತ್ತಾಯಿಸಬೇಡಿ. ಅದು ಎಚ್1 ಪಟ್ಟಿಯ ಔಷಧಿ, 2014ರಿಂದ ಡಾಕ್ಟರ ಚೀಟಿ ನೋಡಿ, ರಿಜಿಸ್ಟರ್‌ನಲ್ಲಿ ಬರೆದುಕೊಂಡೇ ಕೊಡಬೇಕು. ಅದೂ ಮುದುಕರನ್ನು ಬೀಳಿಸುತ್ತದೆ.

ಅಪ್ಪ ರಾತ್ರಿ ಏಳುವುದು ಮೂತ್ರಕ್ಕಾ? ಹಾಗಾದರೆ ಅವರ ಬಿಪಿ ಗುಳಿಗೆಗಳ ಚೀಟಿ ತೆಗೆದು ನೋಡಿ. ಬಿಪಿಗೆ ಕೊಡುವ ಕೆಲವು ಗುಳಿಗೆಗಳು ನೀರನ್ನು ಮೂತ್ರವಾಗಿ ಹೊರಗೆ ಹಾಕುತ್ತವೆ. ಬೆಳಗ್ಗೆ ತೆಗೆದುಕೊಳ್ಳಬೇಕಾದದ್ದನ್ನು ಮರೆತು ರಾತ್ರಿ ನುಂಗುವ ಹಿರಿಯರನ್ನು ನಾನು ಕಿಟಕಿಯಲ್ಲಿ ಎಷ್ಟೋ ಜನರನ್ನು ಕಂಡಿದ್ದೇನೆ. ಚೀಟಿ, ಗುಳಿಗೆ ಎರಡನ್ನೂ ತೆಗೆದುಕೊಂಡು ಹೋಗಿ ಡಾಕ್ಟರನ್ನು ಕೇಳಿ, ಯಾವುದು ಬೆಳಗ್ಗೆ, ಯಾವುದು ರಾತ್ರಿ ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಿಕೊಂಡು ಬನ್ನಿ.